ಉಪ್ಪುಗಾಳಿಯ ಊರಲ್ಲಿ ಹ್ಯಾಚ್‌ಬ್ಯಾಕ್: ಮನೆಯಂಗಳದಲ್ಲೇ ನಿರ್ವಹಣೆ, ಮಾರ್ಪಾಡು – ಸಮಗ್ರ ಮಾರ್ಗದರ್ಶಿ

ಕಾರಿನ ಜೊತೆ ಬರುವ ಕೈಪಿಡಿ ಎಲ್ಲವನ್ನೂ ಕಿಲೋಮೀಟರಿನಲ್ಲಿ ಅಳೆಯುತ್ತದೆ. ಮಂಗಳೂರು, ಉಡುಪಿಯ ಕಡೆ ಆ ಲೆಕ್ಕ ಅರ್ಧ ಮಾತ್ರ ನಡೆಯುತ್ತದೆ. ಸುರತ್ಕಲ್ಲಿನಲ್ಲೋ ಮಲ್ಪೆಯಲ್ಲೋ ಓಡದೆ ಸುಮ್ಮನೆ ನಿಂತ ಕಾರಿಗೂ ತುಕ್ಕು ಹಿಡಿಯುತ್ತದೆ. ಕಾರಣ ಸರಳ: ಗಾಳಿಯ ತೇವಾಂಶ ಶೇ. 75 ದಾಟಿದರೆ ಉಪ್ಪು ತಾನಾಗಿಯೇ ನೀರು ಹೀರಿ ಕರಗುತ್ತದೆ. ನಮ್ಮಲ್ಲಿ ವರ್ಷದ ಹೆಚ್ಚಿನ ರಾತ್ರಿಗಳಲ್ಲಿ ತೇವ ಅದಕ್ಕಿಂತ ಮೇಲೇ ಇರುತ್ತದೆ. ಹಾಗಾಗಿ ಮಡ್‌ಗಾರ್ಡಿನ ಒಳಗೆ ಕೂತ ಉಪ್ಪು ಒಣಗುವುದೇ ಇಲ್ಲ, ಕಬ್ಬಿಣವನ್ನು ತಿನ್ನುತ್ತಲೇ ಇರುತ್ತದೆ. ಇಲ್ಲಿನ ಕಾರಿಗೆ ಮೊದಲು ನೀರು ಹೊರಹೋಗುವ ದಾರಿ ನೋಡಬೇಕು, ಆಮೇಲೆ ಇಂಜಿನ್ನು, ಕೊನೆಗೆ ಅಲಂಕಾರ. ಈ ಬರಹವೂ ಅದೇ ಕ್ರಮದಲ್ಲಿದೆ.

ಯಾವ ಕೆಲಸ ಯಾವಾಗ

ತುಳುವರ ಪತ್ತನಾಜೆಯ ದಿನದೊಳಗೆ, ಅಂದರೆ ಮೇ 24ರ ಸುಮಾರಿಗೆ, ಮಳೆಗೆ ಸಂಬಂಧಿಸಿದ್ದೆಲ್ಲ ಮುಗಿದಿರಬೇಕು: ನೀರಿನ ತೂತುಗಳು, ವೈಪರ್ ರಬ್ಬರು, ಟಯರು, ಬ್ರೇಕು, ಬ್ಯಾಟರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ತೊಳೆಯುವುದು, ಒಣಗಿಸುವುದು, ಇಲಿ ಕಾಯುವುದು. ಬಣ್ಣದ ಕೆಲಸಕ್ಕೆ ಕೈ ಹಾಕಬೇಡಿ. ದೀಪಾವಳಿ ಕಳೆದ ಮೇಲೆ ಅಡಿಭಾಗವನ್ನು ಸಾವಕಾಶವಾಗಿ ಪರೀಕ್ಷಿಸಿ. ತುಕ್ಕು ತೆಗೆದು ಬಣ್ಣ ಹೊಡೆಯಲು ಡಿಸೆಂಬರ್‌ನಿಂದ ಫೆಬ್ರವರಿಯೇ ಸರಿಯಾದ ಕಾಲ. ವೈರಿಂಗ್ ಮಾರ್ಪಾಡುಗಳನ್ನೂ ಅದೇ ಒಣ ದಿನಗಳಿಗೆ ಇಟ್ಟುಕೊಳ್ಳಿ.

ಸಲಕರಣೆ, ಮತ್ತು ಕಾರನ್ನು ಎತ್ತುವ ವಿಷಯ

8, 10, 12, 14, 17, 19 ಮತ್ತು 21 ಮಿ.ಮೀ. ಸಾಕೆಟ್‌ಗಳು, ಒಂದು ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತೆಂದು ಅಳೆಯುವ ಪಾನಾ), ಡಿಜಿಟಲ್ ಮಲ್ಟಿಮೀಟರ್, ಪ್ಲಾಸ್ಟಿಕ್ಕಿನ ಟ್ರಿಮ್ ತೆಗೆಯುವ ಪಟ್ಟಿಗಳು, 2 ಟನ್ನಿನ ಟ್ರಾಲಿ ಜಾಕ್, ಒಂದು ಜೊತೆ ಆ್ಯಕ್ಸಲ್ ಸ್ಟ್ಯಾಂಡ್ – ಇಷ್ಟಿದ್ದರೆ ಕೆಳಗಿನ ಎಲ್ಲ ಕೆಲಸ ಆಗುತ್ತದೆ. ಟಾರ್ಕ್ ರೆಂಚ್ ದುಬಾರಿ ಎಂದು ಬಿಡುವವರೇ ಹೆಚ್ಚು. ಆದರೆ ಇಂದಿನ ಆಯಿಲ್ ಸಂಪ್, ಇಂಜಿನ್ ಹೆಡ್ ಎಲ್ಲ ಅಲ್ಯುಮಿನಿಯಂ. ಒಮ್ಮೆ ಬೋಲ್ಟಿನ ಮರೆ (ಥ್ರೆಡ್) ಹಾಳಾದರೆ ರೆಂಚಿನ ಬೆಲೆಯ ಹಲವು ಪಟ್ಟು ಖರ್ಚು ಬರುತ್ತದೆ.

ಡಿಕ್ಕಿಯಲ್ಲಿ ಬರುವ ಕತ್ತರಿ ಜಾಕು ಸ್ಟೆಪ್ನಿ ಹಾಕಲು ಮಾತ್ರ. ಅದರ ಮೇಲೆ ನಿಂತ ಕಾರಿನಡಿ ಕೈ ಕೂಡ ಹಾಕಬಾರದು. ಅಂಗಳದಲ್ಲಿ ಸುಲಭವಾಗಿ ಸಿಗುತ್ತದೆಂದು ಕೆಂಪುಕಲ್ಲನ್ನು ಆಧಾರಕ್ಕೆ ಇಡುವ ರೂಢಿಯಿದೆ. ಮುರಕಲ್ಲಿನ ಒಳಗೆಲ್ಲ ತೂತು. ಒಂದು ಮೂಲೆಗೆ ಭಾರ ಬಿದ್ದರೆ ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತದೆ. ಸಿಮೆಂಟಿನ ಹಾಲೋ ಬ್ಲಾಕಿನದ್ದೂ ಅದೇ ಕತೆ. ಗಾಲಿಗೆ ಅಡ್ಡ ಇಡಲು ಮರದ ಬೆಣೆ, ಭಾರ ಹೊರಲು ಉಕ್ಕಿನ ಸ್ಟ್ಯಾಂಡ್. ಮಣ್ಣಿನ ಅಂಗಳವಾದರೆ ಜಾಕ್ ಮತ್ತು ಸ್ಟ್ಯಾಂಡಿನ ಕೆಳಗೆ 18 ಮಿ.ಮೀ. ಪ್ಲೈವುಡ್ ತುಂಡು. ಮಳೆ ಬಂದು ನೆಂದ ನೆಲದಲ್ಲಿ ಎತ್ತುವ ಕೆಲಸವೇ ಬೇಡ. ಎತ್ತಿದ ಮೇಲೆ ಕಾರನ್ನು ಕೈಯಲ್ಲಿ ಜೋರಾಗಿ ಅಲುಗಾಡಿಸಿ ನೋಡಿ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ.

ನೀರಿನ ದಾರಿಗಳು

ಕಾರಿಗೆ ನೀರು ಒಳಬರುವುದು ತಪ್ಪಲ್ಲ. ತಯಾರಕರೇ ಬರಲು ಬಿಟ್ಟು, ಹೊರಹೋಗಲು ತೂತು ಇಟ್ಟಿರುತ್ತಾರೆ. ಆ ತೂತು ಮುಚ್ಚಿದಾಗ ತೊಂದರೆ ಶುರು.

ಮೊದಲನೆಯದು ಗಾಜಿನ ಬುಡದಲ್ಲಿ, ವೈಪರಿನ ಕೆಳಗಿರುವ ಪ್ಲಾಸ್ಟಿಕ್ ಜಾಲರಿ. ಮಾವಿನ ಎಲೆ, ತೆಂಗಿನ ಹೂವು, ದೂಳು ಸೇರಿ ಇದರಡಿ ಗೊಬ್ಬರವೇ ಆಗಿರುತ್ತದೆ. ವೈಪರ್ ತೋಳು ಗಾಜಿನ ಮೇಲೆ ಎಲ್ಲಿ ನಿಂತಿದೆಯೆಂದು ಟೇಪ್ ಅಂಟಿಸಿ ಗುರುತು ಮಾಡಿ. ತೋಳಿನ ಬುಡದ ಟೊಪ್ಪಿ ತೆಗೆದು ನಟ್ಟು ಬಿಚ್ಚಿ, ತೋಳನ್ನು ಆಚೀಚೆ ಆಡಿಸಿ ಎಳೆಯಿರಿ. ಜಾಲರಿಯ ಕ್ಲಿಪ್‌ಗಳನ್ನು ಟ್ರಿಮ್ ಪಟ್ಟಿಯಿಂದ ಎಬ್ಬಿಸಿ. ಹಳೆಯ ಕ್ಲಿಪ್ ಮುರಿಯುವುದು ಖಂಡಿತ, ನಾಲ್ಕೈದು ಹೊಸದು ಕೈಯಲ್ಲಿರಲಿ. ಕಸವನ್ನು ಬಾಚಿ ತೆಗೆಯಿರಿ, ನೀರು ಬಿಟ್ಟು ಒಳಗೆ ತಳ್ಳಬೇಡಿ. ಆಮೇಲೆ ಒಂದು ಲೀಟರ್ ನೀರು ಸುರಿದರೆ ಎರಡೂ ಮೂಲೆಯಿಂದ ಕೆಳಗೆ ಸರಾಗವಾಗಿ ಇಳಿಯಬೇಕು. ಇಲ್ಲಿ ಕಟ್ಟಿದರೆ ನೀರು ಬ್ಲೋವರಿನ ಬಾಯಿಗೆ ಏರಿ ಮುಂದಿನ ಸೀಟಿನ ಕಾಲಡಿಗೆ ಬರುತ್ತದೆ.

ಎರಡನೆಯದು ಬಾಗಿಲು. ಗಾಜಿನ ಹೊರಬದಿಯ ರಬ್ಬರ್ ಬೀಡಿಂಗನ್ನು ದಾಟಿ ಮಳೆನೀರು ಬಾಗಿಲಿನೊಳಗೆ ಇಳಿಯುತ್ತದೆ. ಕೆಳ ಅಂಚಿನ ಎರಡು ಮೂರು ಸೀಳುಗಳಿಂದ ಹೊರಹೋಗುತ್ತದೆ. ಬಾಗಿಲು ತೆರೆದು ಕೂತು ಕೆಳ ಅಂಚನ್ನು ಟಾರ್ಚಿನಲ್ಲಿ ನೋಡಿ. ಸೀಳಿನಲ್ಲಿ ಕೆಂಪುಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಬಿಡಿಸಲು ಪ್ಲಾಸ್ಟಿಕ್ ಕೇಬಲ್ ಟೈ ಬಳಸಿ. ಕಬ್ಬಿಣದ ತಂತಿ ಹಾಕಿದರೆ ಅಂಚಿನ ಬಣ್ಣ ಕಿತ್ತು, ತುಕ್ಕಿಗೆ ನೀವೇ ಜಾಗ ಮಾಡಿಕೊಟ್ಟಂತೆ. ಪರೀಕ್ಷೆಗೆ ಗಾಜಿನ ಹೊರಬದಿಯಿಂದ ಅರ್ಧ ಲೀಟರ್ ನೀರು ಹೊಯ್ಯಿರಿ. ಅದು ಕೆಳಗೆ ಸುರಿಯಬೇಕು; ಬಾಗಿಲು ಅಲುಗಿಸಿದಾಗ ಒಳಗೆ ಕುಲುಕುಲು ಸದ್ದು ಬರಬಾರದು.

ಡೋರ್ ಪ್ಯಾಡಿನ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಕಪ್ಪು ಅಂಟಿನಲ್ಲಿ ಅಂಟಿರುತ್ತದೆ. ನೋಡಲು ಪ್ಯಾಕಿಂಗ್ ಕವರಿನಂತಿರುವ ಈ ಹಾಳೆಯೇ ಕಾರಿನ ಒಳಗನ್ನು ಮಳೆಯಿಂದ ಕಾಯುವುದು. ಸ್ಪೀಕರ್ ಹಾಕುವ ಅವಸರದಲ್ಲಿ ಇದನ್ನು ಬ್ಲೇಡಿನಲ್ಲಿ ಕುಯ್ದು ಹಾಗೇ ಬಿಟ್ಟ ಕಾರುಗಳು ಬೇಕಾದಷ್ಟಿವೆ. ಮೊದಲ ದೊಡ್ಡ ಮಳೆಗೆ ಕಾಲಡಿಯ ಕಾರ್ಪೆಟ್ ನೆನೆಯುತ್ತದೆ, ಮಾಲೀಕರು ಏಸಿಯನ್ನು ಬಯ್ಯುತ್ತಾರೆ. ಹರಿದಿದ್ದರೆ ದಪ್ಪ ಪಾಲಿಥೀನ್ ಹಾಳೆ ಕತ್ತರಿಸಿ, ಬ್ಯೂಟೈಲ್ ಟೇಪಿನಿಂದ (ಮೆತ್ತನೆಯ ಅಂಟು ರಬ್ಬರಿನ ಪಟ್ಟಿ) ಸುತ್ತಲೂ ಒತ್ತಿ ಅಂಟಿಸಿ. ಹಾಳೆಯ ಕೆಳತುದಿ ಬಾಗಿಲಿನ ತಗಡಿನ ಒಳಕ್ಕೆ ಹೋಗುವಂತಿರಬೇಕು. ಹೊರಗೆ ಉಳಿದರೆ ನೀರು ಪ್ಯಾಡಿನ ಮೇಲೆ ಇಳಿಯುತ್ತದೆ.

ಮೂರನೆಯದು ಡಿಕ್ಕಿ. ಸ್ಟೆಪ್ನಿ ಎತ್ತಿ ಗುಂಡಿ ಒರೆಸಿ ಒಣಗಿಸಿ, ಟೈಲ್ ಲ್ಯಾಂಪಿನ ಕೆಳಗಿನ ಗೋಡೆಗೆ ಮುಖದ ಪೌಡರ್ ಉದುರಿಸಿ. ಒಬ್ಬರು ಹೊರಗಿನಿಂದ ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಡಲಿ. ನೀರು ಎಲ್ಲಿಂದ ಬರುತ್ತಿದೆಯೆಂದು ಪೌಡರಿನಲ್ಲಿ ಗೆರೆ ಮೂಡುತ್ತದೆ. ಹೆಚ್ಚಾಗಿ ಟೈಲ್ ಲ್ಯಾಂಪಿನ ಗ್ಯಾಸ್ಕೆಟ್, ಇಲ್ಲವೇ ಮೇಲಿನ ಬ್ರೇಕ್ ಲೈಟು. ಸಿಲಿಕೋನ್ ಬಳಿಯುವ ಮೊದಲು ಮೂಸಿ ನೋಡಿ: ವಿನೆಗರಿನ ಹುಳಿವಾಸನೆ ಬರುವುದು ಒಣಗುವಾಗ ಆಮ್ಲ ಬಿಡುತ್ತದೆ, ತಗಡಿಗೆ ತುಕ್ಕು ಹಿಡಿಸುತ್ತದೆ. ಬ್ಯೂಟೈಲ್ ಟೇಪೇ ಒಳ್ಳೆಯದು, ಮುಂದೆ ಬಿಚ್ಚಲೂ ಬರುತ್ತದೆ.

ಏಸಿಯ ನೀರು ಹೋಗುವ ಕೊಳವೆ ನಾಲ್ಕನೆಯದು. ನಮ್ಮ ಹವೆಯಲ್ಲಿ ಏಸಿ ಹಾಕಿ ಹತ್ತು ನಿಮಿಷ ನಿಂತ ಕಾರಿನಡಿ ನೀರು ತೊಟ್ಟಿಕ್ಕಲೇಬೇಕು. ತೊಟ್ಟಿಕ್ಕದೆ ಒಳಗಿನ ಕಾರ್ಪೆಟ್ ಒದ್ದೆಯಾದರೆ ಕೊಳವೆ ಕಟ್ಟಿದೆ. ಕೆಳಗಿನಿಂದ ಕೇಬಲ್ ಟೈ ತೂರಿಸಿ ಬಿಡಿಸಿ. ಕಂಪ್ರೆಸರಿನ ಪೂರ್ಣ ಒತ್ತಡದ ಗಾಳಿ ಬಿಟ್ಟರೆ ಒಳಗಿನ ಜೋಡಣೆಯೇ ಕಳಚಬಹುದು.

ಅಡಿಭಾಗ ತೊಳೆಯುವುದು

ಮಳೆ ಮೇಲ್ಭಾಗವನ್ನು ತೊಳೆಯುತ್ತದೆ. ಮಡ್‌ಗಾರ್ಡಿನ ಒಳಮಡಿಕೆಗೆ ಅದು ಮುಟ್ಟುವುದಿಲ್ಲ. ಸಮುದ್ರಕ್ಕೆ ಹತ್ತಿರವಿರುವವರು ಹದಿನೈದು ದಿನಕ್ಕೊಮ್ಮೆ, ಮಣಿಪಾಲದಂತೆ ಎತ್ತರದಲ್ಲಿರುವವರು ತಿಂಗಳಿಗೊಮ್ಮೆ ಅಡಿ ತೊಳೆದರೆ ಸಾಕು. ಕಡಲತೀರದ ಮರಳಿನ ಮೇಲೆ ಕಾರು ಇಳಿಸಿದ್ದರೆ ಅದೇ ದಿನ ತೊಳೆಯಬೇಕು.

ಮನೆಯಲ್ಲೇ ತೊಳೆಯಲು ಒಂದು ಉಪಾಯ: ಅರ್ಧ ಇಂಚಿನ ಪಿವಿಸಿ ಪೈಪ್ 1 ಮೀಟರ್ ತೆಗೆದುಕೊಂಡು, ಒಂದೇ ಗೆರೆಯಲ್ಲಿ 5 ಸೆಂ.ಮೀ.ಗೊಂದರಂತೆ 2 ಮಿ.ಮೀ. ತೂತು ಕೊರೆಯಿರಿ. ಒಂದು ತುದಿಗೆ ಮುಚ್ಚಳ, ಇನ್ನೊಂದಕ್ಕೆ ತೋಟದ ಪೈಪ್. ತೂತುಗಳು ಮೇಲ್ಮುಖವಾಗಿರುವಂತೆ ಕಾರಿನಡಿ ತೂರಿಸಿ, ಮುಂದಿನಿಂದ ಹಿಂದಕ್ಕೆ ನಿಧಾನವಾಗಿ ಎಳೆದುಕೊಂಡು ಹೋಗಿ. ಮಡ್‌ಗಾರ್ಡಿನ ಅಂಚಿನ ಒಳಮಡಿಕೆಗೆ ಮಾತ್ರ ಬೆರಳು ಹಾಕಿ ಮಣ್ಣು ತೆಗೆಯಬೇಕು. ನೀರಿಗೆ ಅದು ಬಗ್ಗುವುದಿಲ್ಲ. ಹೈ ಪ್ರೆಶರ್ ಯಂತ್ರವಿದ್ದರೆ ಆಲ್ಟರ್ನೇಟರ್, ಫ್ಯೂಸ್ ಪೆಟ್ಟಿಗೆ, ಗಾಲಿ ಬೇರಿಂಗ್ ಸೀಲು – ಈ ಮೂರರತ್ತ ನಳಿಗೆ ತಿರುಗಿಸಬೇಡಿ.

ತೊಳೆಯುವ ನೀರಿನ ರುಚಿ ನೋಡಿ. ಕಡಲಂಚಿನ ಬಾವಿಗಳು ಏಪ್ರಿಲ್–ಮೇ ಹೊತ್ತಿಗೆ ಉಪ್ಪಾಗುತ್ತವೆ. ಆ ನೀರಲ್ಲಿ ತೊಳೆಯುವುದಕ್ಕಿಂತ ತೊಳೆಯದಿರುವುದೇ ಲೇಸು. ಪ್ಲಾಸ್ಟಿಕ್ ಕವರಿನ ವಿಷಯವೂ ಹೀಗೆಯೇ. ಮಳೆಗಾಲದಲ್ಲಿ ನೀರು ಬಿಡದ ಕವರ್ ಹೊದಿಸಿದರೆ ನೆಲದ ಹಬೆ ಒಳಗೇ ಸಿಕ್ಕಿ ಬಣ್ಣದಲ್ಲಿ ಗುಳ್ಳೆ ಏಳುತ್ತದೆ. ಮೇಲೊಂದು ಮಾಡು, ನಾಲ್ಕೂ ಕಡೆ ಗಾಳಿ ಇದ್ದರೆ ಕವರ್ ಬೇಡವೇ ಬೇಡ. ತೆಂಗಿನ ಮರದಡಿ ನಿಲ್ಲಿಸಬೇಡಿ ಎಂದು ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ.

ತುಕ್ಕು ತೆಗೆಯುವ ಕ್ರಮ

ಹುಡುಕಬೇಕಾದ ಜಾಗಗಳು: ಹಿಂಗಾಲಿಯ ಮಡ್‌ಗಾರ್ಡಿನ ಅಂಚು, ಬಾಗಿಲಿನ ಕೆಳ ಮಡಿಕೆ, ಡಿಕ್ಕಿ ಬಾಗಿಲಿನ ಕೆಳ ಅಂಚು, ನಂಬರ್ ಪ್ಲೇಟಿನ ಹಿಂಬದಿ, ಸ್ಟೆಪ್ನಿ ಗುಂಡಿ, ಜಾಕ್ ಕೊಡುವ ಜಾಗ. ಬಣ್ಣ ಉಬ್ಬಿದ್ದರೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ತಗಡು ಗಟ್ಟಿ ಸದ್ದು ಕೊಟ್ಟರೆ ಕೆಲಸ ಮನೆಯಲ್ಲಿ ಆಗುತ್ತದೆ. ಒಳಗೆ ಕುಸಿದರೆ ಅದು ವೆಲ್ಡಿಂಗ್ ಕೆಲಸ, ಟಿಂಕರಿಂಗ್ ಅಂಗಡಿಗೆ ಒಯ್ಯಿರಿ. ಪುಟ್ಟಿ ತುಂಬಿ ಮುಚ್ಚಿದ ತೂತು ಒಂದೇ ಮಳೆಗಾಲಕ್ಕೆ ಮತ್ತೆ ತೆರೆಯುತ್ತದೆ.

1. ಜಾಗವನ್ನು ಸಿಹಿನೀರು, ಶಾಂಪೂ ಹಾಕಿ ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಉಪ್ಪು ಉಳಿದರೆ ಮುಂದಿನದ್ದೆಲ್ಲ ವ್ಯರ್ಥ.

2. ತಂತಿ ಬ್ರಷ್ಷಿನಿಂದ ಉದುರುವ ತುಕ್ಕು ತೆಗೆದು, 80ರ ಸ್ಯಾಂಡ್ ಪೇಪರಿನಿಂದ ಹೊಳೆಯುವ ತಗಡು ಕಾಣುವ ತನಕ ಉಜ್ಜಿ. ಸುತ್ತಲಿನ ಒಳ್ಳೆಯ ಬಣ್ಣದ ಮೇಲೂ 2 ಸೆಂ.ಮೀ. ತನಕ ಹೋಗಿ. ಅಂಚನ್ನು 240ರಿಂದ ನಯ ಮಾಡಿ. ಬೆರಳು ಸವರಿದರೆ ಮೆಟ್ಟಿಲು ಸಿಗಬಾರದು.

3. ತಗಡಿನ ಕಪ್ಪು ಚುಕ್ಕಿಗಳೊಳಗೆ ಉಳಿದ ತುಕ್ಕಿಗೆ ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ದ್ರವ) ತೆಳುವಾಗಿ ಹಚ್ಚಿ. ಕಪ್ಪಾಗುತ್ತದೆ. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಿ, ತೊಳೆಯಬೇಕೋ ಬೇಡವೋ ಎಂಬುದನ್ನೂ ಅಲ್ಲೇ ಓದಿ. ಉಜ್ಜದ ದಪ್ಪ ತುಕ್ಕಿನ ಮೇಲೆ ಇದನ್ನು ಹಚ್ಚಿದರೆ ಮೇಲ್ಪದರ ಮಾತ್ರ ಕಪ್ಪಾಗಿ ಅಡಿಯಲ್ಲಿ ತಿನ್ನುವುದು ಮುಂದುವರಿಯುತ್ತದೆ.

4. ಇಪಾಕ್ಸಿ ಪ್ರೈಮರ್ ಎರಡು ಕೋಟ್. ತಗಡು ಬೆತ್ತಲೆಯಾದ ದಿನವೇ ಇದು ಆಗಬೇಕು. ಇಲ್ಲಿನ ಗಾಳಿಯಲ್ಲಿ ಒಂದು ರಾತ್ರಿ ಬಿಟ್ಟರೂ ಬೆಳಗ್ಗೆ ಕೆಂಪು ಮಸುಕು ಕಾಣುತ್ತದೆ.

5. 600ರ ಕಾಗದದಲ್ಲಿ ಉಜ್ಜಿ, ಕಾರಿನ ಕಲರ್ ಕೋಡಿಗೆ ಹೊಂದುವ ಬಣ್ಣ ಮೂರು ತೆಳು ಕೋಟ್, ಆಮೇಲೆ ಮೇಲಿನ ಪಾರದರ್ಶಕ ಲ್ಯಾಕರ್ ಎರಡು ಕೋಟ್. ಸ್ಪ್ರೇ ಡಬ್ಬಿ 20–25 ಸೆಂ.ಮೀ. ದೂರವಿರಲಿ, ಕೋಟಿನ ನಡುವೆ 10–15 ನಿಮಿಷ ಬಿಡಿ. ಕಣ್ಣಿಗೆ ಬೀಳದ ಅಡಿಭಾಗವಾದರೆ ಬಣ್ಣ ಹೊಂದಿಸುವ ಗೋಜು ಬೇಡ.

ತೇವದ ದಿನ ಲ್ಯಾಕರ್ ಹೊಡೆದರೆ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅದರ ಮೇಲೆ ಕೂರುವುದೇ ಇದಕ್ಕೆ ಕಾರಣ. ಬಣ್ಣಕ್ಕೆ ಡಿಸೆಂಬರ್ ಕಾಯಿರಿ ಎಂದದ್ದು ಇದಕ್ಕೇ. ಬೆಳಗ್ಗೆ 11ರಿಂದ 3ರೊಳಗೆ ಮುಗಿಸಿ.

ಅಂಡರ್‌ಕೋಟಿಂಗ್ ಬಗ್ಗೆ ನೇರವಾಗಿ ಹೇಳುವುದಾದರೆ, ಶೋರೂಮಿನ ಕಪ್ಪು ಡಾಂಬರು ಕೋಟಿಂಗ್ ಹೊಸ ಕಾರಿಗೆ ಸರಿ. ನಾಲ್ಕು ವರ್ಷದ ಕಾರಿಗೆ ತುಕ್ಕು ತೆಗೆಯದೆ ಬಳಿದರೆ ಉಪ್ಪುನೀರನ್ನು ಒಳಗಿಟ್ಟು ಬೀಗ ಹಾಕಿದ ಹಾಗೆ. ಒಣಗಿ ಬಿರುಕು ಬಿಟ್ಟ ಕೋಟಿಂಗನ್ನು ಉಗುರಿನಿಂದ ಎಬ್ಬಿಸಿ ನೋಡಿ, ಕೆಳಗಿನ ತಗಡು ಪದರ ಪದರವಾಗಿ ಎದ್ದು ಬರುವುದುಂಟು. ಹಳೆ ಕಾರಿಗೆ ಮೇಣದ ಕ್ಯಾವಿಟಿ ವ್ಯಾಕ್ಸ್ ಒಳ್ಳೆಯದು. ಬಾಗಿಲಿನ ಕೆಳಗಿನ ಪೊಳ್ಳು ತೊಲೆಯ ರಬ್ಬರ್ ಬಿರಡೆ ತೆಗೆದು, ಉದ್ದ ನಳಿಗೆಯಿಂದ ಒಳಗೆ ಸಿಂಪಡಿಸಿ, ನೀರಿನ ತೂತು ಮುಚ್ಚಿಲ್ಲವೆಂದು ನೋಡಿಕೊಳ್ಳಿ. ಸೈಲೆನ್ಸರ್, ಬ್ರೇಕ್, ಡ್ರೈವ್ ಶಾಫ್ಟಿನ ರಬ್ಬರ್ ಬೂಟಿಗೆ ಯಾವ ಕೋಟಿಂಗೂ ತಾಗಬಾರದು.

ಮಳೆಗಾಲಕ್ಕೆ ಮೊದಲು ಸುಟ್ಟ ಇಂಜಿನ್ ಆಯಿಲನ್ನು ಅಡಿಗೆ ಹೊಡೆಸುವ ಹಳೆಯ ಪದ್ಧತಿ ಬಿಟ್ಟುಬಿಡಿ. ಸಸ್ಪೆನ್ಷನ್ನಿನ ರಬ್ಬರ್ ಬುಶ್ ಉಬ್ಬಿ ಮೆತ್ತಗಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ತೊಟ್ಟಿಕ್ಕಿದ ಎಣ್ಣೆ ತೂತುತೂತಿನ ಕೆಂಪುಮಣ್ಣಿನಲ್ಲಿ ಇಳಿದು ಬಾವಿ ಸೇರುತ್ತದೆ.

ಇಂಜಿನ್ ಆಯಿಲ್

ಉಡುಪಿ–ಮಣಿಪಾಲದಂಥ ಐದಾರು ಕಿಲೋಮೀಟರಿನ ಓಡಾಟದಲ್ಲಿ ಇಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗೆ ಕಟ್ಟಿದ ತೇವ ಆವಿಯಾಗದೆ ಆಯಿಲಿನಲ್ಲಿ ಬೆರೆಯುತ್ತದೆ; ಆಯಿಲ್ ಮುಚ್ಚಳದಡಿ ಬೆಣ್ಣೆಯಂಥ ಕೆನೆ ಕಾಣುವುದು ಇದಕ್ಕೇ. ವಾರಕ್ಕೊಮ್ಮೆ ಹೆದ್ದಾರಿ 66ರಲ್ಲಿ ಅರ್ಧ ಗಂಟೆ ಓಡಿಸಿದರೆ ಕೆನೆ ಹೋಗುತ್ತದೆ. ಹೋಗದೆ ಕೂಲಂಟ್ ಕೂಡ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ತೋರಿಸಿ. ಕೈಪಿಡಿಯಲ್ಲಿ ಕಠಿಣ ಬಳಕೆಗೆ ಆಯಿಲ್ ಬದಲಿಸುವ ಬೇರೆ ಪಟ್ಟಿ ಇರುತ್ತದೆ, ಇಲ್ಲಿನ ಹೆಚ್ಚಿನವರಿಗೆ ಅನ್ವಯಿಸುವುದು ಅದೇ.

1.2 ಲೀಟರಿನ ಪೆಟ್ರೋಲ್ ಇಂಜಿನ್ನುಗಳಿಗೆ ಫಿಲ್ಟರ್ ಸೇರಿ ಸಾಧಾರಣವಾಗಿ 3ರಿಂದ 3.6 ಲೀಟರ್ ಹಿಡಿಯುತ್ತದೆ. ಗ್ರೇಡನ್ನು ಕೈಪಿಡಿ ಹೇಳಿದಂತೆಯೇ ಹಾಕಿ. 0ಡಬ್ಲ್ಯೂ-20 ಎಂಬ ತೆಳು ಆಯಿಲ್ ಕೇಳುವ ಇಂಜಿನ್ನಿಗೆ “ನಮ್ಮ ಸೆಕೆಗೆ ದಪ್ಪದ್ದೇ ಒಳ್ಳೆಯದು” ಎಂಬ ಮಾತಿಗೆ ಮರುಳಾಗಬೇಡಿ.

ಐದು ನಿಮಿಷ ಸ್ಟಾರ್ಟ್ ಮಾಡಿ, ಆಫ್ ಮಾಡಿ, ಹತ್ತು ನಿಮಿಷ ಬಿಡಿ. ಮುಂಭಾಗ ಎತ್ತಿ ಸ್ಟ್ಯಾಂಡ್ ಕೊಟ್ಟು, ಮೇಲಿನ ಮುಚ್ಚಳ ತೆರೆದು, 14 ಅಥವಾ 17ರ ಸಾಕೆಟ್ಟಿನಿಂದ ಡ್ರೈನ್ ಬೋಲ್ಟ್ ಬಿಚ್ಚಿ. ಕೊನೆಯ ಸುತ್ತನ್ನು ಕೈಯಲ್ಲಿ, ಬೋಲ್ಟನ್ನು ಒಳಕ್ಕೆ ಒತ್ತಿಕೊಂಡೇ ತಿರುಗಿಸಿ, ಥಟ್ಟನೆ ಎಳೆಯಿರಿ. ಮೊಣಕೈಗೆ ಆಯಿಲ್ ಇಳಿಯುವುದಿಲ್ಲ. ಕಾಲು ಗಂಟೆ ಸೋರಲಿ. ಹೊಸ ವಾಶರ್ ಹಾಕಿ ಬಿಗಿ ಮಾಡಿ – ಮಾರುತಿಯ ಕೆ ಸರಣಿಗೆ 35 ನ್ಯೂಟನ್ ಮೀಟರ್. ಹಳೆ ಫಿಲ್ಟರ್ ತೆಗೆದಾಗ ಅದರ ರಬ್ಬರ್ ಉಂಗುರವೂ ಬಂದಿದೆಯೇ ನೋಡಿ. ಇಂಜಿನ್ನಿಗೇ ಅಂಟಿ ಉಳಿದು ಅದರ ಮೇಲೆ ಹೊಸತು ಕೂತರೆ ಆಯಿಲೆಲ್ಲ ರಸ್ತೆಗೆ. ಹೊಸ ಉಂಗುರಕ್ಕೆ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ, ರಬ್ಬರ್ ತಾಗಿದ ಮೇಲೆ ಮುಕ್ಕಾಲು ಸುತ್ತು. ಮೊದಲು ಮುಕ್ಕಾಲು ಪಾಲು ಆಯಿಲ್ ಸುರಿದು ಡಿಪ್ ಸ್ಟಿಕ್ ನೋಡಿ, ಒಂದು ನಿಮಿಷ ಇಂಜಿನ್ ಓಡಿಸಿ ನಿಲ್ಲಿಸಿ, ಐದು ನಿಮಿಷದ ಮೇಲೆ ಮತ್ತೆ ನೋಡಿ ತುಂಬಿಸಿ. ಮೇಲಿನ ಗೆರೆ ದಾಟಬಾರದು. ಹಳೆ ಆಯಿಲನ್ನು ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ. ಅಲ್ಲಿ ಬ್ಯಾರಲಿಗೆ ಸುರಿದು ಒಟ್ಟಿಗೆ ಮಾರುತ್ತಾರೆ.

ಬ್ರೇಕ್

ಮುಂದಿನ ಡಿಸ್ಕಿನಲ್ಲಿ ಇಲ್ಲಿ ಮೊದಲು ಕೈಕೊಡುವುದು ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಜಾರುವ ಪಿನ್ನು. ಅದು ತುಕ್ಕು ಹಿಡಿದು ಸಿಕ್ಕಿಕೊಂಡರೆ ಒಳಗಿನ ಪ್ಯಾಡ್ ಸವೆದು ಹೊರಗಿನದ್ದು ಹೊಸದರಂತಿರುತ್ತದೆ, ಕಾರು ಒಂದು ಕಡೆ ಎಳೆಯುತ್ತದೆ, ಓಡಿಸಿ ನಿಲ್ಲಿಸಿದಾಗ ಒಂದು ಗಾಲಿ ಮಾತ್ರ ಬಿಸಿ. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಗಾಲಿ ತೆಗೆದು ಕ್ಯಾಲಿಪರಿನ ಕೆಳಗಿನ ಬೋಲ್ಟ್ ಬಿಚ್ಚಿ ಮೇಲಕ್ಕೆತ್ತಿ ತಂತಿಯಲ್ಲಿ ಕಟ್ಟಿ. ಬ್ರೇಕ್ ಹೋಸಿನ ಮೇಲೆ ತೂಗುಬಿಡಬೇಡಿ. ಪಿನ್ ಎಳೆದು ಬ್ರೇಕ್ ಕ್ಲೀನರಿನಿಂದ ಒರೆಸಿ, ಸಿಲಿಕೋನ್ ಬ್ರೇಕ್ ಗ್ರೀಸ್ ತೆಳುವಾಗಿ ಹಚ್ಚಿ. ಸಾದಾ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ. ಪ್ಯಾಡ್ 3 ಮಿ.ಮೀ.ಗೆ ಬಂದಿದ್ದರೆ ಎರಡೂ ಬದಿಯದ್ದನ್ನು ಒಟ್ಟಿಗೆ ಬದಲಿಸಿ.

ಹಿಂದಿನ ಡ್ರಮ್ ಸಿಕ್ಕಿಕೊಂಡಿದ್ದರೆ ಸುತ್ತಿಗೆಯಲ್ಲಿ ಬಡಿಯಬೇಡಿ. ಹೆಚ್ಚಿನ ಡ್ರಮ್ಮಿನ ಮುಖದಲ್ಲಿ ಮರೆ ಇರುವ ಎರಡು ತೂತು ಇರುತ್ತವೆ. ಅವಕ್ಕೆ 8 ಮಿ.ಮೀ. ಬೋಲ್ಟ್ ಹಾಕಿ ಸಮಸಮವಾಗಿ ತಿರುಗಿಸಿದರೆ ಡ್ರಮ್ ತಾನೇ ಹೊರಬರುತ್ತದೆ. ಹ್ಯಾಂಡ್‌ಬ್ರೇಕ್ ಸಡಿಲ ಇರಲಿ. ದೂಳನ್ನು ಊದಬೇಡಿ, ಮಾಸ್ಕ್ ಹಾಕಿ ಬ್ರೇಕ್ ಕ್ಲೀನರಿನಿಂದ ತೊಳೆಯಿರಿ. ಮಳೆಗಾಲದಲ್ಲಿ ರಾತ್ರಿ ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟರೆ ಒದ್ದೆ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಸಮತಟ್ಟು ಅಂಗಳದಲ್ಲಿ ಫಸ್ಟ್ ಗಿಯರ್ ಹಾಕಿ, ಗಾಲಿಗೆ ಮರದ ಬೆಣೆ ಕೊಡಿ.

ಬ್ರೇಕ್ ಫ್ಲೂಯಿಡ್ ಗಾಳಿಯ ನೀರನ್ನು ಹೀರುತ್ತದೆ. ಡಾಟ್ 4 ದರ್ಜೆಯದ್ದು ಹೊಸದಿದ್ದಾಗ ಕುದಿಯುವ ಮಟ್ಟ ಕನಿಷ್ಠ 230 ಡಿಗ್ರಿ, ನೀರು ಹೀರಿದ ಮೇಲೆ 155ಕ್ಕೆ ಇಳಿಯಬಹುದು. ಆಗುಂಬೆ ಘಾಟಿಯನ್ನೋ ಚಾರ್ಮಾಡಿ ಘಾಟಿಯನ್ನೋ ಬ್ರೇಕ್ ಒತ್ತಿಕೊಂಡೇ ಇಳಿದರೆ ಒಳಗೆ ಆವಿ ಕಟ್ಟಿ ಪೆಡಲ್ ನೆಲಕ್ಕೆ ಹೋಗುವುದು ಹೀಗೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಎಬಿಎಸ್ ಇರುವ ಕಾರಿನಲ್ಲಿ ಬದಲಿಸುವಾಗ ಡಬ್ಬಿ ಖಾಲಿಯಾಗಿ ಗಾಳಿ ಹೊಕ್ಕರೆ ಸ್ಕ್ಯಾನರ್ ಇಲ್ಲದೆ ತೆಗೆಯುವುದು ಕಷ್ಟ. ಈ ಒಂದು ಕೆಲಸವನ್ನು ಗ್ಯಾರೇಜಿಗೆ ಬಿಡುವುದರಲ್ಲಿ ಅವಮಾನವೇನಿಲ್ಲ.

ಬ್ಯಾಟರಿ, ಏಸಿ, ಇಲಿ

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ಣ, 12.2 ಆದರೆ ಅರ್ಧ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ಟರ್ಮಿನಲ್ ಮೇಲೆ ಬಿಳಿ-ಹಸಿರು ಹೂವು ಕಂಡರೆ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒಣಗಿಸಿ, ಜೋಡಿಸಿದ ಮೇಲೆ ವ್ಯಾಸಲೀನ್ ಹಚ್ಚಿ. ಬಾಡಿಗೆ ಬಿಗಿದ ಅರ್ಥ್ ತಂತಿಯ ಬೋಲ್ಟನ್ನೂ ಬಿಚ್ಚಿ ಉಜ್ಜಿ. ಕರಾವಳಿಯ “ಬ್ಯಾಟರಿ ಹೋಯಿತು” ದೂರುಗಳಲ್ಲಿ ಎಷ್ಟೋ ಈ ಬೋಲ್ಟಿನವು.

ಗ್ಲೋವ್ ಬಾಕ್ಸಿನ ಹಿಂದಿನ ಕ್ಯಾಬಿನ್ ಫಿಲ್ಟರನ್ನು ಮಳೆಗಾಲ ಮುಗಿದ ಕೂಡಲೇ ಬದಲಿಸಿ. ಮನೆ ತಲಪುವ ಎರಡು ಮೂರು ನಿಮಿಷ ಮೊದಲು ಏಸಿ ಆರಿಸಿ ಫ್ಯಾನ್ ಮಾತ್ರ ಓಡಿಸಿದರೆ ಒಳಗಿನ ಕಾಯಿಲ್ ಒಣಗುತ್ತದೆ, ಬೂಸಲು ವಾಸನೆ ಅರ್ಧಕ್ಕರ್ಧ ತಪ್ಪುತ್ತದೆ.

ಇಲಿ, ಹೆಗ್ಗಣಕ್ಕೆ ಮಳೆಗಾಲದಲ್ಲಿ ಬೆಚ್ಚಗಿನ ಇಂಜಿನ್ನೇ ಮನೆ. ಹೊಗೆಸೊಪ್ಪು, ಫಿನಾಯಿಲ್ ನಾಲ್ಕು ದಿನ ಕೆಲಸ ಮಾಡುತ್ತವೆ. ಬ್ಲೋವರಿನ ಹೊರಬಾಯಿಗೆ 6 ಮಿ.ಮೀ. ಕಣ್ಣಿನ ಸ್ಟೀಲ್ ಜಾಲರಿ ಬಿಗಿಯುವುದು ಮತ್ತು ದಿನಬಿಟ್ಟು ದಿನ ಬಾನೆಟ್ ಎತ್ತಿ ನೋಡುವುದು ಅವಕ್ಕಿಂತ ನಂಬಿಕೆಯ ದಾರಿ.

ಮಂಗಳೂರಿನ ಪಂಪ್‌ವೆಲ್, ಕೊಟ್ಟಾರ ಚೌಕಿಯಂಥ ಕಡೆ ರಸ್ತೆಯಲ್ಲಿ ನಿಂತ ನೀರು ಗಾಲಿಯ ಅರ್ಧ ದಾಟಿದ್ದರೆ ಇಳಿಸಬೇಡಿ. ನೀರಿನಲ್ಲಿ ಇಂಜಿನ್ ನಿಂತರೆ ಮತ್ತೆ ಕೀ ತಿರುಗಿಸುವುದೇ ದೊಡ್ಡ ತಪ್ಪು. ಸಿಲಿಂಡರಿನ ನೀರು ಕುಗ್ಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ; ಸಾದಾ ವಿಮೆ ಇದಕ್ಕೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ.

ಟಯರ್ ದೊಡ್ಡದು ಮಾಡುವ ಲೆಕ್ಕ

165/80 ಆರ್14 ಎಂದರೆ ಅಗಲ 165 ಮಿ.ಮೀ., ಬದಿಯ ಎತ್ತರ ಅಗಲದ ಶೇ. 80, ರಿಮ್ 14 ಇಂಚು. ಈ ಟಯರಿನ ಒಟ್ಟು ಎತ್ತರ: 14 × 25.4 + 2 × 165 × 0.80 = ಸುಮಾರು 620 ಮಿ.ಮೀ. 185/65 ಆರ್15ರದ್ದು 621.5. ವ್ಯತ್ಯಾಸ ಶೇ. 0.3, ಅಂದರೆ ಸ್ಪೀಡೋಮೀಟರ್ ಹಾಗೇ ಸರಿ. ಅದೇ 205/65 ಆರ್15 ಹಾಕಿದರೆ 647.5, ಶೇ. 4ಕ್ಕಿಂತ ಹೆಚ್ಚು ಎತ್ತರ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿಗೆ ತಾಗುವ ಭಯ, ಪಿಕಪ್ ಕಡಿಮೆ, ಮೀಟರ್ ನಿಜಕ್ಕಿಂತ ಕಡಿಮೆ ವೇಗ ತೋರಿಸುತ್ತದೆ. ಅಗಲ ಹೆಚ್ಚಿದಂತೆ ನೀರಿನ ಮೇಲೆ ತೇಲುವ ಗುಣವೂ ಹೆಚ್ಚು. ನಿಮ್ಮ ಮಾದರಿಯ ದುಬಾರಿ ವೇರಿಯಂಟಿಗೆ ಕಂಪೆನಿಯೇ ಹಾಕಿದ ಅಳತೆಗೆ ನಿಲ್ಲಿಸಿ, ಲೋಡ್ ಇಂಡೆಕ್ಸ್ (ಟಯರು ಹೊರಬಲ್ಲ ಭಾರದ ಸಂಖ್ಯೆ) ಇಳಿಸಬೇಡಿ. ಟಯರಿನ ತೋಡು 1.6 ಮಿ.ಮೀ. ಆಳ ಉಳಿದರೆ ಸಾಕೆಂದು ಕಾನೂನು ಹೇಳುತ್ತದೆ. ನಮ್ಮ ಮಳೆಗೆ 3 ಮಿ.ಮೀ.ಗೇ ಬದಲಿಸಿ. ಗಾಲಿ ಹಾಕುವಾಗ ಹಬ್ಬಿನ ಮಧ್ಯದ ಉಂಗುರಕ್ಕೆ ಮಾತ್ರ ಆ್ಯಂಟಿ ಸೀಜ್ (ತುಕ್ಕಿಗೆ ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಹಚ್ಚಿ, ನಟ್ಟಿನ ಮರೆಗೆ ಬೇಡ.

ಮಾರ್ಪಾಡುಗಳು

ಬೇಡದ್ದನ್ನು ಮೊದಲು ಹೇಳಿಬಿಡೋಣ. ಫ್ಲೋರ್ ಲ್ಯಾಮಿನೇಷನ್ ಇಲ್ಲಿಗೆ ಹೇಳಿಸಿದ್ದಲ್ಲ: ಒಳಗೆ ಹೋದ ನೀರು ರೆಕ್ಸಿನ್ ಅಡಿಯ ಸ್ಪಂಜಿನಲ್ಲಿ ತಿಂಗಳುಗಟ್ಟಲೆ ಇದ್ದು ನೆಲದ ತಗಡನ್ನೂ ಅಲ್ಲೇ ಹಾದುಹೋಗುವ ವೈರಿಂಗನ್ನೂ ತಿನ್ನುತ್ತದೆ. ಎತ್ತಿ ಒಣಗಿಸಬಹುದಾದ ರಬ್ಬರ್ ಮ್ಯಾಟ್ ಹಾಕಿ. ಸ್ಕ್ರೂ ಹೊಡೆದು ಕೂರಿಸುವ ಮಡ್‌ಗಾರ್ಡ್ ಕ್ಲ್ಯಾಡಿಂಗ್, ಕೊರೆದು ಹಾಕುವ ಸ್ಪಾಯ್ಲರ್ – ಪ್ರತಿ ತೂತೂ ತುಕ್ಕಿನ ಬಾಯಿ. ಮಡ್ ಫ್ಲ್ಯಾಪ್ ಮಾತ್ರ ಹಾಕಲೇಬೇಕಾದದ್ದು, ಅದೂ ಇರುವ ತೂತುಗಳಿಗೇ. ರಿಫ್ಲೆಕ್ಟರ್ ಹೆಡ್‌ಲೈಟಿಗೆ ಎಲ್‌ಇಡಿ ಬಲ್ಬ್ ಹಾಕಿದರೆ ಬೆಳಕು ಚೆದುರಿ ಎದುರಿನವರ ಕಣ್ಣು ಕುಕ್ಕುತ್ತದೆ. ಘಟ್ಟದ ಮಂಜಿನಲ್ಲಿ ನಿಮಗೇ ಬಿಳಿ ಗೋಡೆ ಕಾಣುತ್ತದೆ. 100/90 ವ್ಯಾಟಿನ ಬಲ್ಬು ಹೋಲ್ಡರ್ ಕರಗಿಸುತ್ತದೆ.

ಬಾಗಿಲಿಗೆ ಡ್ಯಾಂಪಿಂಗ್ ಹಾಳೆ ಹಾಕುವುದು ಹಣಕ್ಕೆ ಸಾರ್ಥಕವಾದ ಕೆಲಸ. 2 ಮಿ.ಮೀ. ಬ್ಯೂಟೈಲ್ ಹಾಳೆಯನ್ನು ಹೊರ ತಗಡಿನ ಒಳಮೈಗೆ ಅಂಟಿಸಬೇಕು. ಮೈಯ ಅರ್ಧದಷ್ಟು ಮುಚ್ಚಿದರೂ ಕಂಪನ ಸಾಕಷ್ಟು ಇಳಿಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ರೋಲರಿನಿಂದ ಗುಳ್ಳೆ ಉಳಿಯದಂತೆ ಒತ್ತಿ – ಗುಳ್ಳೆಯಲ್ಲಿ ನೀರು ಕೂರುತ್ತದೆ. ಕೆಳಗಿನ 5 ಸೆಂ.ಮೀ. ಬಿಟ್ಟುಬಿಡಿ, ಸೀಳುಗಳು ಅಲ್ಲಿವೆ. ಕೊನೆಗೆ ಆ ಪ್ಲಾಸ್ಟಿಕ್ ಹಾಳೆಯನ್ನು ಮರಳಿ ಅಂಟಿಸಲೇಬೇಕು.

ಹೆಡ್‌ಲೈಟಿಗೆ ಮಾಡಬೇಕಾದ ಮಾರ್ಪಾಡೆಂದರೆ ರಿಲೇ ವೈರಿಂಗ್. ರಿಲೇ ಎಂದರೆ ಸಣ್ಣ ಕರೆಂಟಿನ ಆದೇಶಕ್ಕೆ ದೊಡ್ಡ ಕರೆಂಟು ಹರಿಸುವ ಸ್ವಿಚ್ಚು. ಹಳೆ ಕಾರಿನ ತೆಳು ತಂತಿ, ಸವೆದ ಸ್ವಿಚ್ಚಿನಲ್ಲಿ ವೋಲ್ಟೇಜ್ ಸೋರುತ್ತದೆ. ಹ್ಯಾಲೋಜನ್ ಬಲ್ಬಿಗೆ ಶೇ. 10 ವೋಲ್ಟೇಜ್ ಕಡಿಮೆಯಾದರೆ ಬೆಳಕು ಸುಮಾರು ಶೇ. 30 ಇಳಿಯುತ್ತದೆ. ಇಂಜಿನ್ ಓಡುತ್ತ ಲೈಟ್ ಹಾಕಿ, ಬ್ಯಾಟರಿಯಲ್ಲೂ ಬಲ್ಬಿನ ಹಿಂದೆಯೂ ಅಳೆಯಿರಿ. ವ್ಯತ್ಯಾಸ 1 ವೋಲ್ಟ್ ದಾಟಿದರೆ ಮಾತ್ರ ಮುಂದುವರಿಯಿರಿ.

ಬೇಕಾದ್ದು: 12 ವೋಲ್ಟ್ 40 ಆಂಪಿಯರಿನ ನಾಲ್ಕು ಕಾಲಿನ ಎರಡು ರಿಲೇ (ಡಿಮ್, ಬ್ರೈಟ್ ಬೇರೆ ಬೇರೆ), 20 ಆಂಪಿಯರ್ ಫ್ಯೂಸ್ ಎರಡು, 2.5 ಚದರ ಮಿ.ಮೀ. ತಾಮ್ರದ ತಂತಿ, ಎಚ್4 (ಡಿಮ್, ಬ್ರೈಟ್ ಎರಡೂ ಇರುವ ಬಲ್ಬಿನ) ಸಿರಾಮಿಕ್ ಹೋಲ್ಡರ್ ಎರಡು. ಬ್ಯಾಟರಿ ಪಾಸಿಟಿವ್‌ನಿಂದ 15 ಸೆಂ.ಮೀ. ಒಳಗೆ ಫ್ಯೂಸ್, ಅಲ್ಲಿಂದ ರಿಲೇಯ 30ನೇ ಕಾಲು, 87ರಿಂದ ಎರಡೂ ಬಲ್ಬಿಗೆ, ಹಳೆಯ ಸಾಕೆಟ್ಟಿನಿಂದ 86ಕ್ಕೆ ಆದೇಶ, 85 ಅರ್ಥಿಗೆ. 60 ವ್ಯಾಟಿನ ಎರಡು ಬಲ್ಬು 10 ಆಂಪಿಯರ್ ಎಳೆಯುವುದರಿಂದ ಈ ಅಳತೆ ಧಾರಾಳ. ಕತ್ತರಿಸುವ ಮೊದಲು ಒಂದು ಪರೀಕ್ಷೆ: ಕೆಲವು ಕಾರುಗಳಲ್ಲಿ ಹೆಡ್‌ಲೈಟಿನ ಡಿಮ್, ಬ್ರೈಟ್ ಎರಡಕ್ಕೂ ಸಾಮಾನ್ಯವಾದ ತಂತಿಯೇ ಪಾಸಿಟಿವ್, ಸ್ವಿಚ್ ನೆಗೆಟಿವನ್ನು ಕೊಡುತ್ತದೆ. ಲೈಟ್ ಹಾಕಿ ಹಳೆ ಸಾಕೆಟ್ಟಿನ ಮೂರೂ ಕಾಲನ್ನು ಬಾಡಿಯ ಮೇಲೆ ಮಲ್ಟಿಮೀಟರಿಟ್ಟು ಅಳೆದರೆ ತಿಳಿಯುತ್ತದೆ. ಹಾಗಿದ್ದರೆ 86ಕ್ಕೆ ಆ ಸಾಮಾನ್ಯ ಪಾಸಿಟಿವ್, 85ಕ್ಕೆ ಸ್ವಿಚ್ಚಿನ ತಂತಿ ಕೊಡಿ. ರಿಲೇಯ ಕಾಲುಗಳು ಕೆಳಮುಖವಾಗಿರಲಿ, ತಂತಿ ಒಮ್ಮೆ ಕೆಳಗೆ ಇಳಿದು ಮೇಲೆ ಬರಲಿ – ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಜೋಡಣೆಗೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ), ಕಾಲುಗಳಿಗೆ ಡೈಎಲೆಕ್ಟ್ರಿಕ್ ಗ್ರೀಸ್. ಬರಿ ಇನ್ಸುಲೇಷನ್ ಟೇಪು ಇಲ್ಲಿ ಒಂದು ಮಳೆಗಾಲವೂ ಬಾಳುವುದಿಲ್ಲ.

ಮುಗಿದ ಮೇಲೆ ಗೋಡೆಯಿಂದ 5 ಮೀಟರ್ ದೂರ ಸಮತಟ್ಟಿನಲ್ಲಿ ನಿಲ್ಲಿಸಿ. ಡಿಮ್ ಬೆಳಕಿನ ಮೇಲಂಚು ಬಲ್ಬಿನ ಎತ್ತರಕ್ಕಿಂತ ಸುಮಾರು 5 ಸೆಂ.ಮೀ. ಕೆಳಗಿರಬೇಕು.

ಕಾನೂನಿನ ಮಾತು ಇಷ್ಟು: ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪುವುದಿಲ್ಲ; ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಹೇಳಿತು. 182ಎ(4)ರ ಪ್ರಕಾರ ಅಂಥ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳ ತನಕ ಸಜೆ, ಅಥವಾ ಎರಡೂ. ಸಿಎನ್‌ಜಿ ಕಿಟ್, ಇಂಜಿನ್ ಬದಲಾವಣೆ, ಬೇರೆ ಬಣ್ಣ – ಇವಕ್ಕೆ ಕೈ ಹಾಕುವ ಮೊದಲೇ ಆರ್‌ಟಿಒ ಅನುಮತಿ ಬೇಕು, ಆಮೇಲೆ ಆರ್‌ಸಿಯಲ್ಲೂ ನಮೂದಾಗಬೇಕು. ಬಂಪರಿನ ಮುಂದಿನ ಕಬ್ಬಿಣದ ಗಾರ್ಡು ನಿಷಿದ್ಧ. ಅದು ಅಪಘಾತದ ಪೆಟ್ಟನ್ನು ನೇರ ಚಾಸಿಗೆ ತಲಪಿಸಿ ಏರ್‌ಬ್ಯಾಗ್ ತೆರೆಯುವ ಹೊತ್ತನ್ನೂ ಕೆಡಿಸಬಹುದು. ಇದ್ದರೆ ಬಿಚ್ಚಿ, ಉಳಿದ ಬೋಲ್ಟಿನ ತೂತುಗಳಿಗೆ ಪ್ರೈಮರ್ ಹಚ್ಚಿ ರಬ್ಬರ್ ಬಿರಡೆ ಹಾಕಿಬಿಡಿ.